ಜನಗಢ್ ಸಿಂಗ್ ಶ್ಯಾಮ್

ಜನಗಢ್ ಸಿಂಗ್ ಶ್ಯಾಮ್ (1962–2001) ಮಧ್ಯಪ್ರದೇಶದ ಪರಧಾನ್ ಗೊಂಡ ಸಮುದಾಯಕ್ಕೆ ಸೇರಿದ ಚಿತ್ರಕಲಾವಿದರು. ಇಂದು ಗೊಂಡ ಚಿತ್ರಕಲೆ ಎಂದು ಪ್ರಸಿದ್ಧವಾಗಿರುವ ಶೈಲಿಯ ಪ್ರವರ್ತಕರು ಇವರು. ಈ ಶೈಲಿಯನ್ನು ಅನಾಮಿಕರ ಪ್ರಾಚೀನ ಕಲೆಯೆಂದು ಭಾವಿಸುವವರು ಹಲವರಿದ್ದಾರೆ. ಆದರೆ ಕಾಗದ ಮತ್ತು ಕ್ಯಾನ್ವಾಸಿನ ಮೇಲೆ ಅದು ಈಗಿನ ರೂಪವನ್ನು ಪಡೆದದ್ದು 1980ರ ದಶಕದಲ್ಲಿ, ಇವರ ಕೈಯಲ್ಲಿ. ಆದುದರಿಂದ ಇದನ್ನು ‘ಜನಗಢ್ ಕಲಮ್’ ಎಂದೂ ಕರೆಯುತ್ತಾರೆ.

ಜೀವನ

ಜನಗಢ್ ಅವರ ಹುಟ್ಟೂರು ಪಾಟನಗಢ. ಇದು ಈಗಿನ ದಿಂಡೋರಿ ಜಿಲ್ಲೆಯಲ್ಲಿದೆ. ಪರಧಾನರು ‘ಬಾನಾ’ ಎಂಬ ತಂತಿವಾದ್ಯವನ್ನು ನುಡಿಸುತ್ತ ಗೊಂಡರ ವಂಶಾವಳಿಗಳನ್ನೂ ದೇವತೆಗಳ ಕಥೆಗಳನ್ನೂ ಹಾಡುವ ಗಾಯಕರು. ಆಶ್ರಯದಾತ ಮನೆತನಗಳು ಬಡವಾದಂತೆ ಈ ವೃತ್ತಿಯೂ ಕ್ಷೀಣಿಸಿತು. 1981ರಲ್ಲಿ ಭೋಪಾಲದ ಭಾರತ ಭವನಕ್ಕಾಗಿ ಕಲಾಕೃತಿಗಳನ್ನು ಸಂಗ್ರಹಿಸಲು ಚಿತ್ರಕಾರ ಜೆ. ಸ್ವಾಮಿನಾಥನ್ ಕಳುಹಿಸಿದ್ದ ತಂಡವು ಪಾಟನಗಢದ ಮನೆಗೋಡೆಯ ಮೇಲೆ ಜನಗಢ್ ಬಿಡಿಸಿದ್ದ ಚಿತ್ರಗಳನ್ನು ಕಂಡಿತು. ಸ್ವಾಮಿನಾಥನ್ ಅವರ ಪ್ರೋತ್ಸಾಹದಿಂದ ಜನಗಢ್ ಭೋಪಾಲದಲ್ಲಿ ನೆಲೆಸಿ, ಭಾರತ ಭವನದ ಮುದ್ರಣಕಲಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ಶೈಲಿ

ಪಾಟನಗಢದ ಮನೆಗಳಲ್ಲಿ ಮಹಿಳೆಯರು ಬಣ್ಣದ ಮಣ್ಣಿನಿಂದ ನೆಲ ಮತ್ತು ಗೋಡೆಗಳ ಮೇಲೆ ‘ಡಿಗ್ನಾ’ ಎಂಬ ರೇಖಾವಿನ್ಯಾಸಗಳನ್ನು ಬರೆಯುತ್ತಿದ್ದರು. ಬಡಾದೇವ ಮೊದಲಾದ ದೇವತೆಗಳು ಮಾತ್ರ ಬಹುಮಟ್ಟಿಗೆ ಹಾಡಿನಲ್ಲಿಯೇ ಉಳಿದಿದ್ದರು. ಅವರಿಗೆ ಕಣ್ಣಿಗೆ ಕಾಣುವ ಆಕಾರವನ್ನು ಕೊಟ್ಟವರು ಜನಗಢ್. ಅವರು ಮೊದಲು ಆಕೃತಿಯ ಹೊರರೇಖೆಯನ್ನು ಬರೆದು, ಅದರ ಒಡಲನ್ನು ಚುಕ್ಕಿಗಳ ಸಾಲು, ಗಿಡ್ಡ ಗೆರೆ ಹಾಗೂ ಬಾಚಣಿಗೆಯ ಹಲ್ಲಿನಂತಹ ಸೂಕ್ಷ್ಮ ರೇಖೆಗಳಿಂದ ತುಂಬುತ್ತಿದ್ದರು. ಹಚ್ಚೆಯನ್ನು ನೆನಪಿಸುವ ಈ ಚುಕ್ಕಿಗಳು ನಿಶ್ಚಲ ಆಕೃತಿಗೆ ಕಂಪನವನ್ನು ತರುತ್ತವೆ. ನೆರಳು–ಬೆಳಕಿನ ಛಾಯೆಯಾಗಲಿ ದೂರ–ಸಮೀಪಗಳ ಭೇದವಾಗಲಿ ಇಲ್ಲಿ ಮುಖ್ಯವಲ್ಲ. ಜಿಂಕೆಯ ಕೊಂಬು ಮರದ ಕೊಂಬೆಯಾಗಿ ಚಾಚುವಂತೆ, ಒಂದು ಜೀವವು ಮತ್ತೊಂದರಲ್ಲಿ ಬೆರೆಯುತ್ತದೆ.

ಮನ್ನಣೆ ಮತ್ತು ನಿಧನ

1986ರಲ್ಲಿ ಮಧ್ಯಪ್ರದೇಶ ಸರ್ಕಾರದ ಶಿಖರ ಸಮ್ಮಾನ ಇವರಿಗೆ ದೊರೆಯಿತು. 1989ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ‘ಮ್ಯಾಜಿಸಿಯಾ ದ ಲಾ ತೇರ್’ ಪ್ರದರ್ಶನದಲ್ಲಿ ಇವರ ಕೃತಿಗಳು, ವಿಶ್ವದ ಸಮಕಾಲೀನ ಕಲಾವಿದರ ಕೃತಿಗಳೊಡನೆ ಸ್ಥಾನ ಪಡೆದವು. ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭೋಪಾಲದ ವಿಧಾನ ಭವನದಲ್ಲಿ ಇವರ ಭಿತ್ತಿಚಿತ್ರಗಳಿವೆ.

2001ರಲ್ಲಿ ಜಪಾನಿನ ನೀಗಾಟಾ ಪ್ರಾಂತದ ಮಿಥಿಲಾ ವಸ್ತುಸಂಗ್ರಹಾಲಯದಲ್ಲಿ ಚಿತ್ರ ರಚಿಸಲು ತಂಗಿದ್ದಾಗ ಜನಗಢ್ ಆತ್ಮಹತ್ಯೆ ಮಾಡಿಕೊಂಡರು. ಬುಡಕಟ್ಟು ಮತ್ತು ಜಾನಪದ ಕಲಾವಿದರನ್ನು ನಡೆಸಿಕೊಳ್ಳುವ ಬಗೆಯ ಕುರಿತು ಭಾರತದ ಕಲಾವಲಯದಲ್ಲಿ ಚರ್ಚೆಯಾಗಲು ಈ ಸಾವು ಕಾರಣವಾಯಿತು.

ಪ್ರಭಾವ

ಜನಗಢ್ ತಮ್ಮ ಬಂಧುಗಳನ್ನೂ ಊರಿನವರನ್ನೂ ಭೋಪಾಲಕ್ಕೆ ಕರೆಸಿಕೊಂಡು ಚಿತ್ರಕಲೆಯಲ್ಲಿ ತೊಡಗಿಸಿದರು. ಪತ್ನಿ ನನಕುಸಿಯಾ ಶ್ಯಾಮ್, ವೆಂಕಟ್ ರಮಣ್ ಸಿಂಗ್ ಶ್ಯಾಮ್, 2018ರಲ್ಲಿ ಪದ್ಮಶ್ರೀ ಪಡೆದ ಭಜ್ಜು ಶ್ಯಾಮ್ ಹಾಗೂ 2022ರಲ್ಲಿ ಅದೇ ಗೌರವಕ್ಕೆ ಪಾತ್ರರಾದ ದುರ್ಗಾಬಾಯಿ ವ್ಯಾಮ್ ಈ ಪರಂಪರೆಯ ಪ್ರಮುಖರು. ಆಕೃತಿಯ ಒಡಲನ್ನು ತುಂಬುವ ವಿನ್ಯಾಸವು ಇವರಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿದ್ದು, ಚಿತ್ರ ಯಾರದೆಂಬುದನ್ನು ಅದರಿಂದಲೇ ಗುರುತಿಸಬಹುದಾಗಿದೆ.