ಕೇಳದವರ ಮನೆಯ ಹಾಡು

೧೯೯೬ರಲ್ಲಿ ತೆರೆಕಂಡ ‘ಖಾಮೋಷಿ: ದಿ ಮ್ಯೂಸಿಕಲ್’ ಸಂಜಯ್ ಲೀಲಾ ಭನ್ಸಾಲಿಯವರ ನಿರ್ದೇಶನದ ಮೊದಲ ಕೃತಿ. ಗೋವೆಯ ಜೋಸೆಫ್–ಫ್ಲೇವಿ ದಂಪತಿಗಳು ಕಿವುಡರು, ಮಾತು ಬಾರದವರು. ಮಗಳಾದ ಆ್ಯನಿಗೋ ಹಾಡೇ ಉಸಿರು. ಲೋಕದ ಮಾತನ್ನು ಹೆತ್ತವರಿಗೆ ಕೈಸನ್ನೆಯಾಗಿಸುವ, ಅವರ ಸನ್ನೆಯನ್ನು ಲೋಕಕ್ಕೆ ಮಾತಾಗಿಸುವ ಹೊಣೆ ಎಳವೆಯಿಂದಲೇ ಅವಳದು. ದೊಡ್ಡವರ ಸಂಕಟವೆಲ್ಲ ಮೊದಲು ಹಾಯುವುದು ಆ ಎಳೆಯ ನಾಲಗೆಯ ಮೇಲೆಯೇ. ಅವಳು ಒಲಿದವನೊಡನೆ ಹೊರಟರೆ ಮನೆಯ ದನಿಯೇ ಹೊರಟಂತೆ. ಜೋಸೆಫನ ಸಿಟ್ಟು ಬರಿಯ ಹಟವಲ್ಲವೆಂಬುದನ್ನು ನಾನಾ ಪಾಟೇಕರರ ಬೆರಳುಗಳೇ ಹೇಳುತ್ತವೆ.

ಕಿವುಡ ದಂಪತಿಗಳನ್ನೇ ಕುರಿತ ಗುಲ್ಜಾರರ ‘ಕೋಶಿಶ್’ (೧೯೭೨) ಇದಕ್ಕಿಂತ ಮಿತಭಾಷಿ. ಅಲ್ಲಿ ಹಾಡಿನ ಹಂಗು ಕಡಿಮೆ. ಇಲ್ಲಿ ಜತಿನ್–ಲಲಿತರ ಇಂಪು ಧಾರಾಳ. ಕಣ್ಣೀರೂ ತುಸು ಮಿಗಿಲಾಯಿತೆನ್ನಬೇಕು. ಆದರೂ ನಾವು ಕೇಳಿ ತಣಿಯುವ ಆ ಹಾಡಿನ ಒಂದು ಸ್ವರವೂ ಹೆತ್ತವರಿಗೆ ದಕ್ಕುವುದಿಲ್ಲ. ಅವರಿಗೆ ಕಾಣುವುದು ಮಗಳ ತುಟಿಗಳ ಅಲುಗಾಟವಷ್ಟೇ.