ಜ್ವರ ಬಿಟ್ಟ ಮೇಲೆ ಏದುಸಿರೇ? ಹೃದಯ ತೋರಿಸಿ

ವೈರಸ್ ಹೊಕ್ಕ ಜೀವಕೋಶ ಎಷ್ಟೋ ಸಲ ತಾನೇ ಸಾಯುತ್ತದೆ, ಒಳಗೆ ವೈರಸ್ ಬೆಳೆಯದಿರಲಿ ಎಂದು. ಇದೇ ಅಪೊಪ್ಟೋಸಿಸ್. ಬ್ಯಾಕ್ಸ್ ಎಂಬ ಪ್ರೋಟೀನ್ ಮೈಟೊಕಾಂಡ್ರಿಯಾಕ್ಕೆ ತೂತು ಕೊರೆದು ಕೋಶವನ್ನು ಸಾಯಿಸುತ್ತದೆ. ಬಿಸಿಎಲ್-2 ಅದನ್ನು ತಡೆಯುತ್ತದೆ. ಅಡಿನೊವೈರಸ್ ಭಾರೀ ಚಾಲಾಕಿ. ಬಿಸಿಎಲ್-2ರಂಥದೇ ನಕಲಿ ಪ್ರೋಟೀನ್ ಮಾಡಿಸಿಕೊಂಡು, ತನ್ನ ಕೆಲಸ ಮುಗಿಯುವವರೆಗೆ ಕೋಶವನ್ನು ಸಾಯಗೊಡುವುದಿಲ್ಲ.

ಗಂಟಲಿನ ಕೋಶ ಸತ್ತರೆ ಹೊಸದು ಬರುತ್ತದೆ. ಹೃದಯದ ಸ್ನಾಯುಕೋಶ ಹೋದರೆ ಹೆಚ್ಚುಕಡಿಮೆ ಹೋದಂತೆಯೇ. ಅಡಿನೊ, ಕಾಕ್ಸಾಕಿ ವೈರಸ್‌ಗಳು ಅಪರೂಪಕ್ಕೆ ಅಲ್ಲಿಗೂ ಇಳಿದು ಉರಿಯೂತ ತರುತ್ತವೆ, ಅದು ಮಯೋಕಾರ್ಡೈಟಿಸ್.

ಜ್ವರದ ಬೆನ್ನಿಗೇ ಎದೆನೋವು, ಏದುಸಿರು, ಎದೆ ಡವಡವ ಇದ್ದರೆ ಪ್ಯಾರಾಸಿಟಮಾಲ್ ನುಂಗಿ ಲೋಕಲ್ ಹತ್ತಬೇಡಿ. "ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸೋಣ" ಎನ್ನಲೂಬೇಡಿ. ಅಂದೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ, ಟ್ರೋಪೋನಿನ್ ಮಾಡಿಸಿ. ಮಯೋಕಾರ್ಡೈಟಿಸ್ ಎಂದಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಜಿಮ್, ಓಟ, ಕ್ರಿಕೆಟ್ ಬಂದ್.