ಗಾಂಧಿಗೆ ಪ್ರಾಸ ಬ್ರಾಂಡಿ!

ಗಾಂಧೀಜಿಯನ್ನೂ ಬ್ರಾಂಡಿಯನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಹಾಡೊಂದಿದೆ ಅಂದರೆ ನಂಬ್ತೀರಾ? ಇದೆ ಸ್ವಾಮಿ, ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲಿ.

1934ರ ನವೆಂಬರ್ 21ರಂದು ಅಲ್ಲಿನ ಆಲ್ವಿನ್ ಥಿಯೇಟರಿನಲ್ಲಿ ‘ಎನಿಥಿಂಗ್ ಗೋಸ್’ ಎಂಬ ಸಂಗೀತ ನಾಟಕದ ಪರದೆ ಎದ್ದಿತು. ಸಾಹಿತ್ಯ, ಸಂಗೀತ ಎರಡನ್ನೂ ತಾನೇ ಹೊಸೆಯುವ ಕಿಲಾಡಿ ಕೋಲ್ ಪೋರ್ಟರ್ ಅದಕ್ಕೆ ಕಟ್ಟಿದ ಹಾಡು ‘ಯೂ ಆರ್ ದಿ ಟಾಪ್’. ಹಾಡಿದವರು ಎಥೆಲ್ ಮರ್ಮನ್, ವಿಲಿಯಂ ಗ್ಯಾಕ್ಸ್‌ಟನ್. ನಾಟಕ 420 ಪ್ರದರ್ಶನ ಕಂಡಿತು.

ಹಾಡಿನ ವಿಷಯ ಇಷ್ಟೇ. ಒಂದು ಗಂಡು, ಒಂದು ಹೆಣ್ಣು. ತಮ್ಮನ್ನು ತಾವೇ ಹಳಿದುಕೊಂಡು ಎದುರಿನವರನ್ನು ಅಟ್ಟಕ್ಕೇರಿಸುವ ಪೈಪೋಟಿ. ಹೋಲಿಕೆಗೆ ತಾವರೆ ಹುಡುಕಲಿಲ್ಲ ಪೋರ್ಟರ್. ಅಂದಿನ ಪೇಟೆಯಲ್ಲಿ ಹೆಸರಾದದ್ದೆಲ್ಲ ತಂದು ಸುರಿದ: ಮಿಕಿ ಮೌಸ್, ನಟಿ ಗ್ರೇಟಾ ಗಾರ್ಬೋಳ ಸಂಬಳ, ಫ್ರೆಡ್ ಆಸ್ಟೇರನ ಕಾಲ್ಚಳಕ, ಹಾಸ್ಯಗಾರ ಜಿಮ್ಮಿ ಡ್ಯುರಾಂಟೆಯ ಮೂಗು, ಸೆಲ್ಲೋಫೇನ್ ಹಾಳೆ, ಪೆಪ್ಸೊಡೆಂಟ್ ಸಹಾ! ಅಮೆರಿಕದಲ್ಲಿ ಲಕ್ಷಾಂತರ ಮಂದಿಗೆ ಕೆಲಸವಿಲ್ಲದ ಕಾಲ ಅದು. ಮಾಲು ಕೊಳ್ಳಲು ಕಾಸಿಲ್ಲದವನೂ ಹೆಸರು ಕೇಳಿ ನಗಬಹುದಿತ್ತು.

ಆ ಪಟ್ಟಿಯಲ್ಲೇ ಮಹಾತ್ಮರು. ಪಕ್ಕದಲ್ಲೇ ನೆಪೋಲಿಯನ್ ಬ್ರಾಂಡಿ. ಪ್ರಾಸ ಕೂಡಿತಲ್ಲ, ಸಾಕು! ಅಮೆರಿಕದಲ್ಲಿ 1920ರಿಂದ ಇದ್ದ ಪಾನನಿಷೇಧ 1933ರ ಡಿಸೆಂಬರ್ 5ರಂದು ರದ್ದಾಗಿ, ಅಡಗಿದ್ದ ಬಾಟಲಿ ಬಯಲಿಗೆ ಬಂದಿತ್ತು. ಗಾಂಧೀಜಿಯೋ, ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿಸಿದವರು. ಅದೇ 1934ರ ಫೆಬ್ರವರಿಯಲ್ಲಿ ಮಂಗಳೂರು, ಉಡುಪಿಗೆ ಬಂದು ಹರಿಜನ ನಿಧಿಗೆ ಕೈಯೊಡ್ಡಿದ್ದರು.

ಪೋರ್ಟರ್ ಗೇಲಿ ಮಾಡಿದ ಅನ್ನುವಂತಿಲ್ಲ. ಅವನ ಲೆಕ್ಕದಲ್ಲಿ ಇಬ್ಬರೂ ಫಸ್ಟ್ ಕ್ಲಾಸ್! ಆದರೆ ಅಂಗಡಿಯ ಕಪಾಟು ಏರಿದ ಮೇಲೆ ಸಂತನೂ ಒಂದು ಮಾಲು, ಸೀಸೆಯೂ ಒಂದು ಮಾಲು. ಹೆಸರಿದ್ದರೆ ಆಯ್ತು, ಆ ಮನುಷ್ಯ ಏನು ಹೇಳಿದ್ದ ಅಂತ ಕೇಳುವವರಾರು?

1935ರಲ್ಲಿ ನಾಟಕ ಲಂಡನ್ನಿಗೆ ಹೋದಾಗ ಅಲ್ಲಿಯವರಿಗೆ ತಿಳಿಯಲೆಂದು ಪಿ.ಜಿ. ವುಡ್‌ಹೌಸ್ ಹಾಡಿನ ಮಾತುಗಳನ್ನು ತಿದ್ದಬೇಕಾಯಿತು. ಈಗಂತೂ ಅದರೊಳಗಿನ ಎಷ್ಟೋ ಹೆಸರುಗಳನ್ನು ವಿವರಿಸಿಯೇ ಹೇಳಬೇಕು. ಗಾಂಧಿ ಅಂದರೆ ಯಾರು ಅಂತ ಮಾತ್ರ ಯಾರಿಗೂ ಹೇಳಬೇಕಿಲ್ಲ.

ನ್ಯೂಯಾರ್ಕಿನವರನ್ನು ನೋಡಿ ನಗುವ ಮುಂಚೆ ನಿಮ್ಮ ಗಲ್ಲಾಪೆಟ್ಟಿಗೆ ತೆರೆದು ನೋಡಿ. 1996ರ ಸರಣಿಯಿಂದೀಚೆಗೆ ನೋಟಿನ ಮೇಲೆ ಅದೇ ಬೊಚ್ಚುಬಾಯಿಯ ನಗು. ಅಕ್ಕಿಗೂ ಅದೇ ನೋಟು, ಬ್ರಾಂಡಿಗೂ ಅದೇ ನೋಟು. ಅಬಕಾರಿ ದುಡ್ಡಿಲ್ಲದೆ ಸರ್ಕಾರದ ಬಂಡಿ ಸಾಗದು. ಅಕ್ಟೋಬರ್ 2ಕ್ಕೆ ಬ್ರಾಂಡಿ ಅಂಗಡಿ ಶಟರ್ ಕೆಳಗೆ, 3ಕ್ಕೆ ಮೇಲೆ.

ಪೋರ್ಟರ್‌ಗೆ ಬೇಕಿದ್ದದ್ದು ಬರೀ ಪ್ರಾಸ. ಇಲ್ಲಿ ವ್ಯಾಪಾರವೇ ಕುದುರಿದೆ!